ನಡು ಕೆಡ್ಡಸದ ಪಿಕ್ಕಾಸು

ಆಲೆಟ್ಟಿಯ ಸಂಕಪ್ಪ ಚಾಯವನ್ನೂ ನಿಂತೇ ಕುಡಿಯುತ್ತಿದ್ದ. ಅದ್ರಾಮನ ಹೋಟೆಲಿನಲ್ಲಿ ಬೆಂಚು ಇರಲಿಲ್ಲ ಎಂದಲ್ಲ. ಬೆಂಚು ಇತ್ತು, ಅದರ ಒಂದು ಕಾಲು ಗಿಡ್ಡವಾದ್ದರಿಂದ ಕೂತವರು ಸ್ವಲ್ಪ ಓಲಾಡುತ್ತಿದ್ದರು, ಅಷ್ಟೇ. ಸಂಕಪ್ಪ ಮಾತ್ರ ಬಾಗಿಲಿಗೆ ಒರಗಿ, ಊದಿ ಊದಿ ಕುಡಿದು, ಗ್ಲಾಸು ಕೆಳಗಿಡುವುದರೊಳಗೆ ಒಂದು ಕಾಲನ್ನು ದಾರಿಗೆ ಹಾಕಿರುತ್ತಿದ್ದ. "ಈ ಮನುಷ್ಯನ ಕಾಲಿಗೆ ಚಕ್ರ ಕಟ್ಟಿದ್ದು ಯಾರು ಮಾರಾಯ್ರೆ" ಎಂದು ಊರವರು ನಗುತ್ತಿದ್ದರು. ಊರವರಿಗೆ ಬೇರೆ ಕೆಲಸ ಇರಲಿಲ್ಲ. ಚಕ್ರ ಕಟ್ಟಿದ್ದು ಯಾವತ್ತು ಎಂದು ಅವರಿಗೆಲ್ಲ ಗೊತ್ತಿತ್ತು, ಆದರೂ ನಗುತ್ತಿದ್ದರು.

ಮೊದಲು ಅವನು ಹೀಗಿರಲಿಲ್ಲ. ಬಾವಿ ತೋಡುವುದು ಅವನ ಕಸುಬು. ಆಲೆಟ್ಟಿಯಿಂದ ಸುಳ್ಯದವರೆಗೆ ತೆಂಗಿನ ಗುಂಡಿ, ಗೊಬ್ಬರದ ಗುಂಡಿ, ಬಾವಿ ಏನೇ ಬೇಕಿದ್ದರೂ ಸಂಕಪ್ಪನಿಗೆ ಹೇಳಿಕಳಿಸುತ್ತಿದ್ದರು. ಮಧ್ಯಾಹ್ನದ ಗಂಜಿ ಉಂಡು ಅದೇ ಹೊಂಡದ ನೆರಳಿನಲ್ಲಿ ಗೊರಕೆ ಹೊಡೆಯುವ ಆಸಾಮಿ. ದೇವರು ದಿಂಡರೆಂದು ವಿಶೇಷ ತಲೆಕೆಡಿಸಿಕೊಂಡವನಲ್ಲ. ಮೊದಲ ಪೆಟ್ಟು ಹಾಕುವ ಮುಂಚೆ ಬಗ್ಗಿ ಬೆರಳ ತುದಿಯಿಂದ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಅದೂ ಮನೆ ಹೊಗುವಾಗ ಮೆಟ್ಟು ಬಿಡುವ ಹಾಗೆ, ಅಪ್ಪ ಮಾಡುತ್ತಿದ್ದ ಎಂದು ಇವನೂ ಮಾಡುತ್ತಿದ್ದ.

ಮನೆಯಲ್ಲಿ ಹೆಂಡತಿ ಸೀತು, ಗಂಡ ಸತ್ತು ತವರಿಗೆ ಮರಳಿದ ಅಕ್ಕ ವಾರಿಜಾಕ್ಷಿ, ಮತ್ತೆ ಎಪ್ಪತ್ತಮೂರನೇ ಇಸವಿಯ ಮಳೆಗಾಲ ಮುಗಿಯುವಾಗ ಹುಟ್ಟಿದ ಒಂದು ಹೆಣ್ಣು ಕೂಸು. ಕೂಸು ಅಂದರೆ ಅಂತಿಂಥ ಕೂಸಲ್ಲ, ಅಳುವುದಕ್ಕೇ ಹರಕೆ ಹೊತ್ತು ಬಂದದ್ದು. ಸೀತು ಎತ್ತಿದರೂ ಅಳು, ಸಂಕಪ್ಪ ಎತ್ತಿದರೂ ಅಳು. ಆದರೆ ವಾರಿಜಾಕ್ಷಿ ತಿಂಗಳಿಗೊಮ್ಮೆ ಮುಟ್ಟಾಗಿ ಪಕ್ಕದ ಚಾವಡಿಯಲ್ಲಿ ಹೊರಗೆ ಕೂತ ದಿನಗಳಲ್ಲಿ ಮಾತ್ರ ಮನೆ ತಣ್ಣಗಿರುತ್ತಿತ್ತು. ಹೊರಗೆ ಕೂತವಳು ನೀರು ಸೇದುವಂತಿಲ್ಲ, ಒಲೆ ಮುಟ್ಟುವಂತಿಲ್ಲ, ಹಟ್ಟಿಗೆ ಹೋಗುವಂತಿಲ್ಲ. ತಿಂಗಳಿಡೀ ದುಡಿದ ಹೆಂಗಸಿಗೆ ಮೂರು ದಿನ ಮಡಿಲು ಖಾಲಿ. ಹಾಗಾಗಿ ಕೂಸನ್ನು ನೋಡಿಕೊಳ್ಳುವ ಕೆಲಸ ಅವಳ ಪಾಲಿಗೆ. ಮೈಮೇಲೆ ಬಟ್ಟೆಯಿಲ್ಲದ ಕೂಸಿಗೆ ಮೈಲಿಗೆ ತಾಗುವುದಿಲ್ಲ ಎಂಬುದು ಹಿರಿಯರ ಮಾತು. ಸೀತು ಕೂಸಿನ ಬಟ್ಟೆ ಬಿಚ್ಚಿ ಬರಿಮೈಯಲ್ಲಿ ಅತ್ತಿಗೆಯ ಮಡಿಲಿಗೆ ಕೊಡುತ್ತಿದ್ದಳು. ಅಲ್ಲಿ ಅದು ಬಾಯಿ ಮುಚ್ಚಿ ಮಲಗುತ್ತಿತ್ತು. ಸಂಕಪ್ಪ ಇದನ್ನು ನೋಡಿದ್ದ. ಗಂಡಸರು ಮನೆಯೊಳಗಿನ ಎಷ್ಟೋ ಸಂಗತಿಗಳನ್ನು ಗೋಡೆ ನೋಡಿದ ಹಾಗೆ ನೋಡುತ್ತಾರೆ, ಹಾಗೆ ನೋಡಿದ್ದ.

ಇನ್ನು ಕೆಡ್ಡಸ. ತುಳುವರ ಪುಯಿಂತೆಲ್ ತಿಂಗಳ ಕೊನೆಗೆ, ಚಳಿ ಬಿಟ್ಟು ಸೆಕೆ ಹುಟ್ಟುವ ಹೊತ್ತಿಗೆ, ಭೂಮಿಯೂ ಹೆಂಗಸರಂತೆ ಮೂರು ದಿನ ಹೊರಗೆ ಕೂರುತ್ತಾಳೆ ಎಂಬುದು ಈ ಸೀಮೆಯ ನಂಬಿಕೆ. ಆ ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಒಂದು ಗೂಟ ಬಡಿಯುವಂತಿಲ್ಲ. ಕುಚ್ಚಿಲಕ್ಕಿ ಹುರಿದು ಬೆಲ್ಲ ತೆಂಗಿನಕಾಯಿ ಸೇರಿಸಿ ಕುಟ್ಟಿದ ನನ್ನೇರಿ ತಿಂದುಕೊಂಡು ಮನುಷ್ಯರೂ ತೆಪ್ಪಗಿರಬೇಕು. ಕಡೆಯ ದಿನ ಬೆಳಿಗ್ಗೆ ಹೆಂಗಸರು ತುಳಸಿಕಟ್ಟೆಯ ಎದುರು ಸೆಗಣಿ ಸಾರಿಸಿ, ಅರಶಿನ ಕುಂಕುಮ ಬಾಚಣಿಗೆ ಇಟ್ಟು, ನೆಲಕ್ಕೆ ಎಣ್ಣೆ ಎರೆಯುತ್ತಾರೆ. ಮಿಂದು ಏಳು ತಾಯಿ ಎಂದು. ಬಾವಿ ತೋಡುವವನಿಗೆ ವರ್ಷದಲ್ಲಿ ಸಿಗುವ ರಜೆ ಅದೊಂದೇ.

ಎಪ್ಪತ್ತನಾಲ್ಕರ ಕೆಡ್ಡಸದ ಮೊದಲ ದಿನ ಕೂಸಿಗೆ ಜ್ವರ ಬಂತು. ಸುಳ್ಯಕ್ಕೆ ಹೊತ್ತುಕೊಂಡು ಹೋಗಿ ಮದ್ದು ತಂದರು. ಮರುದಿನ, ನಡು ಕೆಡ್ಡಸದ ಬೆಳಿಗ್ಗೆ ಕೂಸು ಅಳುವುದನ್ನು ನಿಲ್ಲಿಸಿತು. ಸೀತು ಎಷ್ಟು ಕುಲುಕಿದರೂ ಅಳಲಿಲ್ಲ.

ಸಂಕಪ್ಪ ಕುಟುಂಬದ ಹಿರಿಯ ತ್ಯಾಂಪಣ್ಣನ ಮನೆಗೆ ಓಡಿದ. ಕುಟುಂಬದ ದೈವ ನೆಲೆಯಾದದ್ದು ಆ ಮನೆಯಲ್ಲೇ. ಹುಟ್ಟು ಸಾವು ಮದುವೆಗಳ ಕ್ರಮ ಹೇಳುವುದು ತ್ಯಾಂಪಣ್ಣನೇ. ವಿಷಯ ಕೇಳಿ ಮುದುಕ ತುಂಬ ಹೊತ್ತು ಎಲೆಯಡಿಕೆ ಅಗಿಯುತ್ತಾ ಕೂತ.

"ಹಲ್ಲು ಬಾರದ ಕೂಸು. ಸುಡುವ ಕ್ರಮ ಇಲ್ಲ ನಮ್ಮಲ್ಲಿ, ಮಣ್ಣು ಮಾಡುದು" ಎಂದ.

"ಅದಕ್ಕೇ ಬಂದದ್ದು ಮಾವ. ಇವತ್ತು ನಡು ಕೆಡ್ಡಸ."

"ಹೌದು. ಅಗೆಯುವ ಹಾಗೂ ಇಲ್ಲ."

"ಹಾಗಾದ್ರೆ ಎಂತ ಮಾಡುದು?"

ತ್ಯಾಂಪಣ್ಣ ಅಂಗಳಕ್ಕೆ ಉಗುಳಿ ಬಂದ. ಕೆಟ್ಟ ಮನುಷ್ಯನಲ್ಲ ಅವನು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಲು ಬಾಯಿ ಬಾರದವನು. "ನಿನಗೆ ಕಂಡ ಹಾಗೆ ಮಾಡು" ಎಂದು ಒಳಗೆ ಹೋದ. ಕ್ರಮ ಹೇಳುವವನು ಹೀಗೆ ಕೈ ತೊಳೆದುಕೊಂಡರೆ ಕೇಳಿದವನ ಗತಿ ಏನು? ಇಡೀ ಊರಿನ ಮೇಲೆ ಇರಬೇಕಾದ ಭಾರ ಒಬ್ಬನ ಹೆಗಲಿಗೆ ಬಂತು.

ಮನೆಯ ಹಿಂದೆ ಗೇರುಮರದ ಬುಡದಲ್ಲಿ ಸಂಕಪ್ಪ ಅಗೆದ. ಆ ದಿನಗಳಲ್ಲಿ ನೆಲ ಕಲ್ಲಾಗಿರುತ್ತದೆ; ಗುದ್ದಲಿ ನಾಟದೆ ಪಿಕ್ಕಾಸು ಎತ್ತಬೇಕಾಯಿತು. ಇಡೀ ಆಲೆಟ್ಟಿಯಲ್ಲಿ ಕಬ್ಬಿಣದ ಸದ್ದು ಇಲ್ಲದ ದಿನ. ಅವನ ಪಿಕ್ಕಾಸಿನ ಒಂದೊಂದು ಪೆಟ್ಟೂ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಎಲ್ಲ ಮನೆಗಳಲ್ಲೂ ಕೇಳಿಸಿರಬೇಕು, ಒಬ್ಬರೂ ಬೇಡ ಎನ್ನಲು ಬರಲಿಲ್ಲ, ಒಬ್ಬರೂ ಕೈಜೋಡಿಸಲೂ ಬರಲಿಲ್ಲ. ಮೊದಲ ಪೆಟ್ಟಿಗೆ ಮುಂಚೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಅವನು ಬಗ್ಗಿದ್ದ. ಬೆರಳು ನೆಲದ ಹತ್ತಿರ ಹೋಗಿ ನಿಂತಿತ್ತು. ಮುಟ್ಟದೆಯೇ ಅಗೆದ.

ಸೀತು ಕೂಸನ್ನು ಎತ್ತಿಕೊಂಡು ಬಂದಳು. ಹೊಂಡದ ಬಾಯಲ್ಲಿ ಕೂತು ಕೂಸಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಬರಿಮೈಯಲ್ಲಿ ಅವನ ಕೈಗೆ ಕೊಟ್ಟಳು. ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನೆನಪಿಗೆ ಇಟ್ಟುಕೊಳ್ಳುತ್ತಾಳೆ ಪಾಪ ಎಂದುಕೊಂಡ ಸಂಕಪ್ಪ.

ಅಲ್ಲಿಂದ ಶುರುವಾಯಿತು. ರಾತ್ರಿ ಮಲಗಿದರೆ ಪಿಕ್ಕಾಸಿನ ಸದ್ದು. ಉಣ್ಣಲು ಕೂತರೆ, ಕೂತ ನೆಲ ಅವನನ್ನು ನೋಡುತ್ತಿದೆ ಎಂಬ ಹಾಗೆ. ಹೊರಗೆ ಕೂತವಳ ಮೈಗೆ ಕಬ್ಬಿಣ ಹಾಕಿದವ ನಾನು, ಅದೂ ತಾಯಿಯ ಮೈಗೆ. ಇದೊಂದೇ ಮಾತು ತಲೆಯಲ್ಲಿ. ಪಿಕ್ಕಾಸನ್ನು ಅಟ್ಟಕ್ಕೆ ಎಸೆದ. ಇನ್ನು ಅಗೆಯುವುದಿಲ್ಲ ಎಂದ.

ಆಗ ನೆಟ್ಟಣದ ಕಡೆ ರೈಲುಮಾರ್ಗಕ್ಕಾಗಿ ಗುಡ್ಡ ಕಡಿಯುತ್ತಿದ್ದ ಕಾಲ. ಅಗೆಯಬಲ್ಲವನಿಗೆ ಕೈತುಂಬ ಕೆಲಸ. ಸಂಕಪ್ಪ ಒಲ್ಲೆ ಎಂದು ಮರದ ಮಿಲ್ಲಿಗೆ ಹೋದ, ಪುತ್ತೂರಿನಲ್ಲಿ ಅಡಿಕೆ ಮೂಟೆ ಹೊತ್ತ, ನರಿಮೊಗರಿನಲ್ಲಿ ಯಾರದೋ ಗದ್ದೆಗೆ ಕಾವಲು ಕೂತ. ಕೂತ ಅನ್ನುವುದು ಮಾತಿಗೆ, ಅಲ್ಲೂ ಬದುವಿನ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದನಂತೆ. ಮನೆಯಲ್ಲಿ ಬಾಳೆ ನೆಡಬೇಕಾದಾಗ ಸೀತುವೇ ಅಟ್ಟದಿಂದ ಪಿಕ್ಕಾಸು ಇಳಿಸಿ ಗುಂಡಿ ಮಾಡಿದಳು. ಆಮೇಲೆ ಅದು ಅಟ್ಟಕ್ಕೆ ಹೋಗಲೇ ಇಲ್ಲ.

ಏನಾದರೂ ಕೆಟ್ಟದ್ದು ಆಗಿದ್ದರೆ ಅವನು ಬಚಾವಾಗುತ್ತಿದ್ದನೋ ಏನೋ. ಹಾವು ಕಚ್ಚಲಿಲ್ಲ, ದನ ಸಾಯಲಿಲ್ಲ. ಎರಡು ವರ್ಷ ಕಳೆದು ಮೋಹಿನಿ ಎಂಬ ಮಗಳು ಹುಟ್ಟಿ ದುಂಡುದುಂಡಾಗಿ ಬೆಳೆದಳು. ಶಿಕ್ಷೆ ಬರಬೇಕಾದವನಿಗೆ ಶಿಕ್ಷೆ ಬಾರದಿರುವುದು ಬಹಳ ಕಷ್ಟದ ಸಂಗತಿ. ಅವನು ಅದನ್ನು ಹುಡುಕಿಕೊಂಡು ಹೊರಟ.

ಪುತ್ತೂರಿನ ಒಬ್ಬ ಜೋಯಿಸರು ಕವಡೆ ಆಡಿಸಿ, ಒಂದು ಪೂಜೆ ಹೇಳಿ, "ಪರಿಹಾರ ಆಯ್ತು, ಹೋಗು" ಎಂದರು. ಪರಿಹಾರ ಅಷ್ಟು ಸಲೀಸಾಗಿ ಆಯಿತೆಂದು ಅವನಿಗೆ ನಂಬಿಕೆ ಬರಲಿಲ್ಲ. ತ್ಯಾಂಪಣ್ಣನ ಮನೆಯ ಕೋಲದಲ್ಲಿ ದೈವದ ಎದುರು ನಿಂತು, ನನಗೆ ಏನು ಶಿಕ್ಷೆ ಎಂದು ಕೇಳಿದ. ನಂಬಿದವರನ್ನು ಕೈಬಿಡುವುದಿಲ್ಲ ಎಂದು ದೈವ ನುಡಿಯಿತು. ಹಿಂದೆ ನಿಂತವನಿಗೂ ಅದನ್ನೇ ನುಡಿಯಿತು, ಅವನು ಕೇಳಿದ್ದು ಕಳೆದುಹೋದ ಎಮ್ಮೆಯ ಬಗ್ಗೆ. ಒಂದು ದೇವಸ್ಥಾನದ ಅಂಗಳದಲ್ಲಿ ಸಂಕಪ್ಪ ಉರುಳು ಸೇವೆ ಮಾಡಿದ. ಒದ್ದೆ ಬಟ್ಟೆಯಲ್ಲಿ ಉರುಳುವಾಗ ನೆಲಕ್ಕೆ ಕಿವಿ ತಾಗಿದಾಗಲೆಲ್ಲ ಭೂಮಿತಾಯಿ ಏನಾದರೂ ಹೇಳುತ್ತಾಳೋ ಎಂದು ಕಾದ. ಮೈಗೆ ಮೈ ತಾಗಿತು, ಮಾತು ಬರಲಿಲ್ಲ.

ರೈಲು ಓಡತೊಡಗಿದ ಮೇಲೆ ನೆಟ್ಟಣದ ಸ್ಟೇಷನಿನಲ್ಲಿ ಸಾಮಾನು ಹೊರುವುದಕ್ಕೆ ನಿಂತ. ಸುಬ್ರಹ್ಮಣ್ಯಕ್ಕೆ ಹೋಗುವ ಭಕ್ತರು, ಸನ್ಯಾಸಿಗಳು, ಶಾಸ್ತ್ರ ಬಲ್ಲವರು ಎಲ್ಲ ಇಳಿಯುವುದು ಅಲ್ಲೇ ಅಲ್ಲವೇ. ಕಾವಿ ಕಂಡರೆ ಸಾಕು, ಟ್ರಂಕು ತಲೆಗೇರಿಸಿಕೊಂಡು, ಜೀಪಿನವರೆಗಿನ ದಾರಿಯಲ್ಲೇ ತನ್ನ ಕತೆ ಹೇಳಿ ಮುಗಿಸುತ್ತಿದ್ದ. ಒಬ್ಬರು "ಎಲ್ಲವೂ ಮಾಯೆ" ಎಂದರು. ಮಾಯೆಯ ಟ್ರಂಕು ಮಾತ್ರ ಕಲ್ಲಿನಷ್ಟು ಭಾರ ಇತ್ತು. ಇನ್ನೊಬ್ಬರು "ಭಗವಂತ ಎಲ್ಲೆಲ್ಲೂ ಇದ್ದಾನೆ" ಎಂದರು. ಸಂಕಪ್ಪನ ತೊಂದರೆಯೇ ಅದು. ಎಲ್ಲೆಲ್ಲೂ ಇದ್ದಾಳೆ, ಕಾಲು ಇಡಲು ಅವಳಿಲ್ಲದ ಜಾಗ ಎಲ್ಲಿದೆ?

ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಕೆಡ್ಡಸದ ವಾರ ಮಾತ್ರ ಬರುತ್ತಿರಲಿಲ್ಲ. ಸೀತು ನೆಲಕ್ಕೆ ಎಣ್ಣೆ ಎರೆಯುವುದನ್ನು ನೋಡುವ ಮುಖ ಅವನಿಗಿರಲಿಲ್ಲ. ಗೇರುಮರದ ಕಡೆಗಂತೂ ಆ ದಿನದ ನಂತರ ಕಾಲು ಹಾಕಿರಲಿಲ್ಲ.

"ನೋಡು ಮಾರಾಯ" ಎಂದು ಒಂದು ಸಲ ಅದ್ರಾಮ ಚಾಯ ಎತ್ತಿ ಸುರಿಯುತ್ತಾ ಹೇಳಿದ, "ನಮ್ಮ ಮಸೀದಿಯಲ್ಲಿ ಎಲ್ಲರನ್ನೂ ಮಣ್ಣಿಗೇ ಕೊಡುದು. ದಿನ ನೋಡ್ಲಿಕ್ಕಿಲ್ಲ, ವಾರ ನೋಡ್ಲಿಕ್ಕಿಲ್ಲ. ಮಣ್ಣು ಬೇಡ ಅಂತ ಯಾರನ್ನೂ ವಾಪಸು ಕಳಿಸಿಲ್ಲ."

"ನಿಮ್ಮ ಮಣ್ಣು ಬೇರೆ ಅದ್ರಾಮ."

"ಎಂತ ಬೇರೆ? ಒಂದೇ ಪಂಚಾಯತು." ಅವನು ಗ್ಲಾಸು ಮುಂದಿಟ್ಟ. "ಇಷ್ಟು ಜನರನ್ನು ಕೇಳಿದ್ದೀಯಲ್ಲ, ಸೀತಕ್ಕನ ಹತ್ತಿರ ಕೇಳಿದ್ದೀಯಾ?"

"ಅವಳಿಗೆ ಎಂತ ಗೊತ್ತುಂಟು? ಮೂರನೇ ಕ್ಲಾಸು."

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ..." ಎಂದು ಗಾದೆ ಶುರುಮಾಡಿದ ಅದ್ರಾಮ, ಬಾಯಿಗೆ ಬಂದದ್ದು ಎಂಥ ಮಾತು ಎಂದು ಹೊಳೆದು, ಅರ್ಧಕ್ಕೇ ನಿಲ್ಲಿಸಿ ಒಲೆಗೆ ಸೌದೆ ತುರುಕಲು ಬಗ್ಗಿದ. ಸಂಕಪ್ಪ ಚಾಯ ಮುಗಿಸದೆ ಹೊರಟುಹೋದ.

ಎಂಬತ್ತೈದನೇ ಇಸವಿ. ಕೆಡ್ಡಸಕ್ಕೆ ಇನ್ನೇನು ಎರಡು ದಿನ ಇದೆ ಎನ್ನುವಾಗ ನೆಟ್ಟಣದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಜಾರಿ ಸಂಕಪ್ಪನ ಪಾದದ ಮೇಲೆ ಬಿತ್ತು. ಮೂಳೆ ಮುರಿಯಲಿಲ್ಲ, ಆದರೆ ಪಾದ ಊದಿ ಹಲಸಿನ ಹಣ್ಣಿನ ಹಾಗಾಯಿತು. ಸುದ್ದಿ ಕೇಳಿದ ಅದ್ರಾಮ ಅಡಿಕೆ ಲಾರಿಯೊಂದರಲ್ಲಿ ಹೋಗಿ, ಬೇಡ ಬೇಡ ಎಂದರೂ ಕೇಳದೆ, ಅವನನ್ನು ತಂದು ಮನೆಯ ಚಾವಡಿಯಲ್ಲಿ ಹಾಕಿದ.

"ಇನ್ನು ಹದಿನೈದು ದಿನ ಇವನು ಓಡುದಿಲ್ಲ ಸೀತಕ್ಕ. ಬೇಕಾದ್ದು ಬೈಯಿರಿ" ಎಂದು ಹೇಳಿ ಹೋದ.

ಸೀತು ಬೈಯಲಿಲ್ಲ. ಕಾಲಿಗೆ ಅರಶಿನ ಬೆಚ್ಚಗೆ ಮಾಡಿ ಹಚ್ಚಿದಳು, ಅಕ್ಕಿ ಹುರಿದಳು, ನನ್ನೇರಿ ಕುಟ್ಟಿದಳು. ಸಂಕಪ್ಪ ಚಾಪೆಯ ಮೇಲೆ ಹೊರಳಾಡಿದ. ಮೂರು ದಿನ ಅದೇ ಚಾಪೆ, ಅದೇ ನೆಲ, ಕೆಳಗೆ ಅವಳು. ಅಂಗಾತ ಮಲಗಿದರೂ ಬೆನ್ನಿಗೆ ತಾಗುತ್ತಾಳೆ, ಕವುಚಿ ಮಲಗಿದರೂ ಹೊಟ್ಟೆಗೆ ತಾಗುತ್ತಾಳೆ. ಹೋಗಲು ಕಾಲಿಲ್ಲ.

ಕಡೆಯ ಕೆಡ್ಡಸದ ಬೆಳಿಗ್ಗೆ ಸೀತು ತುಳಸಿಕಟ್ಟೆಯ ಎದುರು ಸಾರಿಸಿ ಎಣ್ಣೆ ಎರೆದಳು. ಸಂಕಪ್ಪ ಗೋಡೆಯ ಕಡೆ ಮುಖ ಮಾಡಿದ್ದ. ಅವಳ ಹೆಜ್ಜೆ ಒಳಗೆ ಬರುತ್ತದೆ ಎಂದು ಕಾದರೆ ಅದು ಮನೆಯ ಹಿಂದಕ್ಕೆ ಹೋಯಿತು. ಬಹಳ ಹೊತ್ತಾದರೂ ಬರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿದ್ದ ದೋಟಿಗೋಲು ಊರಿ, ಒಂದು ಕಾಲು ಎಳೆಯುತ್ತಾ, ಗೋಡೆ ಹಿಡಿದು ಹಿಂದೆ ಬಂದ.

ಗೇರುಮರದ ಬುಡ ಕಾಡು ಬೆಳೆದು ಮುಚ್ಚಿಹೋಗಿರಬಹುದು ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಹಾಗಿರಲಿಲ್ಲ. ಕೂಸು ಮಲಗುವಷ್ಟೇ ಜಾಗ, ಗುಡಿಸಿ ಸಾರಿಸಿದ್ದು. ಈ ವರ್ಷದ್ದು ಮಾತ್ರವಲ್ಲ, ವರ್ಷ ವರ್ಷವೂ ಸಾರಿಸಿ ಸಾರಿಸಿ ಮನೆಯ ಅಂಗಳದ ಹಾಗೇ ನುಣುಪಾದದ್ದು. ಸೀತು ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಗಿಂಡಿಯಿಂದ ಎಣ್ಣೆ ಎರೆಯುತ್ತಿದ್ದಳು. ಬಾಯಿ ಸುಮ್ಮನಿರಲಿಲ್ಲ.

"ಹಚ್ಚಿಕೋ, ಸರಿ ಹಚ್ಚಿಕೋ. ಮೂರು ದಿನ ಕೂತು ಕೂತು ಬೆನ್ನು ನೋಯುತ್ತದೆ ನಿನಗೂ. ಇವಳ ಕಿರಿಕಿರಿ ಬೇರೆ."

ವಾರಿಜಾಕ್ಷಿಗೆ ಹೀಗೆ ಹೇಳುತ್ತಿದ್ದುದನ್ನು ಅವನು ಹಿಂದೆ ಎಷ್ಟೋ ಸಲ ಕೇಳಿದ್ದ, ಇದೇ ದನಿಯಲ್ಲಿ.

"ಯಾರ ಹತ್ತಿರ ಮಾತಾಡುದು ನೀನು?"

ಸೀತು ತಿರುಗಲಿಲ್ಲ. "ಹೊರಗೆ ಕೂತವಳ ಹತ್ತಿರ. ಮತ್ತೆ ಇಲ್ಲಿ ಯಾರಿದ್ದಾರೆ?"

"ಇಲ್ಲಿ ನಾನು ಅವತ್ತು..."

"ಗೊತ್ತುಂಟು. ಪಿಕ್ಕಾಸು ಹಾಕಿದ್ದು. ನನಗೆ ಗೊತ್ತುಂಟು, ಊರಿಗೆ ಗೊತ್ತುಂಟು, ನೆಟ್ಟಣದಲ್ಲಿ ರೈಲಿನಿಂದ ಇಳಿದವರಿಗೆಲ್ಲ ಗೊತ್ತುಂಟಂತೆ." ಅವಳು ಗಿಂಡಿ ಕೆಳಗಿಟ್ಟಳು. "ಅವತ್ತು ನಾನು ಬಟ್ಟೆ ಬಿಚ್ಚಿ ಕೊಟ್ಟದ್ದು ಎಂತಕ್ಕೆ?"

"ನೆನಪಿಗೆ ಇಟ್ಟುಕೊಳ್ಳಲಿಕ್ಕೆ ಅಂತ ಗ್ರಹಿಸಿದ್ದೆ."

"ಆ ಬಟ್ಟೆ ಮೋಹಿನಿಗೆ ಸುತ್ತಿ, ಹರಿದು, ಮತ್ತೆ ಅದರಲ್ಲಿ ಮಸಿಪಾತ್ರೆ ಇಳಿಸಿ ಆಯ್ತು." ಅವಳು ಈಗ ಅವನತ್ತ ನೋಡಿದಳು. "ಹೊರಗೆ ಕೂತವಳ ಮಡಿಲಿಗೆ ಕೂಸನ್ನು ಹೇಗೆ ಕೊಡುದು? ಬಟ್ಟೆ ಬಿಚ್ಚಿ ಅಲ್ವಾ?"

ಸಂಕಪ್ಪ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ವರ್ಷ ಇಡೀ ಅವಳಿಗೆ ಪುರುಸೊತ್ತು ಉಂಟಾ? ಉಳುವವರು, ಅಗೆಯುವವರು, ಮೆಟ್ಟುವವರು. ಮೂರೇ ದಿನ ಅವಳು ಸುಮ್ಮನೆ ಕೂರುದು, ಮಡಿಲು ಖಾಲಿ ಇರುದು. ನಮ್ಮ ಕೂಸು ಹೋದದ್ದು ಆ ದಿನವೇ. ಎತ್ತಿಕೊಳ್ಳಲಿಕ್ಕೆ ಜನ ಉಂಟು ಅಂತ ಕೊಟ್ಟೆ ನಾನು. ಇಲ್ಲದಿದ್ರೆ ಕೊಡ್ತಿರಲಿಲ್ಲ, ನಿಮ್ಮ ಕೈಗೆ ಕೊಡ್ತಾ ಇರಲಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದನ್ನೇ ಹಿಡಿದುಕೊಂಡು ಬದುಕಿದ್ದು."

"ನಾನು ಕಬ್ಬಿಣ ಹಾಕಿದೆ ಅಲ್ವಾ ಸೀತು. ಅವಳಿಗೆ ನೋವಾಗಿರ್ಲಿಕ್ಕಿಲ್ವಾ?"

"ಆಗಿರ್ತದೆ. ಕೂಸು ಹೊಟ್ಟೆಯಿಂದ ಬರುವಾಗ ನನಗೆ ನೋವಾಗ್ಲಿಲ್ವಾ? ಹೆಂಗಸಿನ ಹತ್ತಿರ ಕೂಸು ಬರುದೇ ಹಾಗೆ."

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲ ನೀನು."

"ಜೋಯಿಸರನ್ನು ಕೇಳಿದಿರಿ. ದೈವವನ್ನು ಕೇಳಿದಿರಿ. ಕಾವಿ ಉಟ್ಟವರ ಟ್ರಂಕು ಹೊತ್ತು ಕೇಳಿದಿರಿ. ನನ್ನನ್ನು ಕೇಳಿದ್ರಾ?" ಸೀತುವಿಗೆ ಈಗ ಸಿಟ್ಟು ಬಂದಿತ್ತು, ಬೆಂಕಿಯಂಥ ಹಳೆಯ ಸಿಟ್ಟು. "ಮನೆಗೆ ಬಂದ್ರೆ ನಿಮ್ಮ ಪಾಪದ ಮಾತು. ನಿಮ್ಮ ತಪ್ಪು, ನಿಮ್ಮ ಶಿಕ್ಷೆ. ಕೂಸು ನನ್ನದೂ ಹೌದು. ಆ ಕೂಸಿನ ಮಾತು ಒಂದು ದಿನ ಆಡಿದ್ದೀರಾ ನೀವು? ಒಂದು ದಿನ?"

ಅಂಥ ಒಂದು ದಿನವನ್ನು ಅವನು ತಲೆಯೊಳಗೆಲ್ಲ ಹುಡುಕಿದ. ಇಷ್ಟು ವರ್ಷ ಪಿಕ್ಕಾಸಿನ ಸದ್ದು ಕೇಳಿದ್ದ, ಗುಡ್ಡದಿಂದ ವಾಪಸು ಬಂದದ್ದನ್ನೂ ಕೇಳಿದ್ದ. ಕೂಸಿನ ಅಳು ಹೇಗಿತ್ತು ಎಂಬುದು ನೆನಪಿಗೆ ಬರಲಿಲ್ಲ. ಅದು ಗೊತ್ತಾದಾಗ ಅವನಿಗಾದ ಸಂಕಟ ಆ ತನಕ ಆದ ಯಾವ ಸಂಕಟಕ್ಕಿಂತಲೂ ದೊಡ್ಡದಾಗಿತ್ತು. ದೋಟಿಯನ್ನು ಬಿಟ್ಟು, ನೋಯುವ ಕಾಲನ್ನು ಮುಂದಕ್ಕೆ ಚಾಚಿ, ಮೆಲ್ಲಗೆ ನೆಲಕ್ಕೆ ಕೂತ. ಸಾರಿಸಿದ ಜಾಗದ ಮೇಲೆ ಕೈ ಇಟ್ಟ. ಎಣ್ಣೆ ಆಗಲೇ ಒಳಗೆ ಇಳಿದಿತ್ತು, ಮಣ್ಣು ಬಿಸಿಲಿಗೆ ಬೆಚ್ಚಗಿತ್ತು. ಬೆರಳನ್ನು ಕಣ್ಣಿಗೆ ಒತ್ತಿಕೊಂಡ. ಅವತ್ತು ಬಾಕಿ ಉಳಿದದ್ದು.

"ಬಲದ ಕಿವಿಯ ಹಿಂದೆ ಒಂದು ಮಚ್ಚೆ ಇತ್ತು ಅದಕ್ಕೆ" ಎಂದ.

"ಎಡದ ಕಿವಿ" ಎಂದಳು ಸೀತು.

"ಎಡದ್ದಾ?"

"ಎಡದ್ದು. ಬಲದಲ್ಲಿ ಇದ್ದದ್ದು ಸೊಳ್ಳೆ ಕಚ್ಚಿದ ಗುರ್ತು."

ಸಂಕಪ್ಪ ಅಳುತ್ತಿದ್ದ. ಸೀತು ಎಲೆಯಲ್ಲಿ ತಂದಿದ್ದ ನನ್ನೇರಿಯಿಂದ ಒಂದು ಹಿಡಿ ತೆಗೆದು ಸಾರಿಸಿದ ಜಾಗದಲ್ಲಿ ಇಟ್ಟಳು, ಇನ್ನೊಂದು ಹಿಡಿ ಅವನ ಕೈಗೆ ಹಾಕಿದಳು, ಉಳಿದದ್ದನ್ನು ತಾನು ತಿಂದಳು. ಎಣ್ಣೆಯ ಗಿಂಡಿಯಲ್ಲಿ ಇನ್ನೂ ಸ್ವಲ್ಪ ಇತ್ತು. ಅವನು ಅದರತ್ತ ಕೈ ಚಾಚಿದಾಗ ಅವಳು ತಡೆದಳು.

"ಗಂಡಸರು ಎರೆಯುವ ಕ್ರಮ ಇಲ್ಲ" ಎಂದಳು. ಆಮೇಲೆ ಏನೆನ್ನಿಸಿತೋ, ಗಿಂಡಿಯನ್ನು ಅವನ ಕಡೆಗೆ ನೂಕಿದಳು.

ಅವನು ಎರೆದು ಮುಗಿಸಿದ. "ಪಿಕ್ಕಾಸಿನ ಹಿಡಿ ಅಲ್ಲಾಡ್ತಾ ಉಂಟು" ಎಂದಳು ಸೀತು, ಮಾತು ಬದಲಿಸುವ ಹಾಗೆ. "ನನ್ನ ಕೈಯಲ್ಲಿ ಸರಿ ಮಾಡ್ಲಿಕ್ಕೆ ಆಗುದಿಲ್ಲ."

"ನೋಡುವ ನಾಳೆ."

ಮನೆಯ ಕಡೆಯಿಂದ ವಾರಿಜಾಕ್ಷಿ ಕೂಗಿದಳು, ಚಾಯ ಸೋಸಿ ಇಟ್ಟು ಎಷ್ಟು ಹೊತ್ತಾಯಿತು, ಆರುತ್ತಾ ಉಂಟು ಎಂದು.

"ಆರಲಿ" ಎಂದ ಸಂಕಪ್ಪ. ಏಳಲಿಲ್ಲ.